ಗಣಕದ ಪ್ರೊಸೆಸರ್ ಎಷ್ಟು ಬಿಸಿಯಾದರೆ ಸಹಜ?

ಬೆಳಗಾವಿ: ನಗರದಿಂದ ವೆಂಗುರ್ಲಾ ರಸ್ತೆ ಹಿಡಿದು ಹೊರಟರೆ ಕೆಲವೇ ಕಿಲೋಮೀಟರುಗಳಲ್ಲಿ ಹಿಂಡಲಗಾ ಸಿಗುತ್ತದೆ. ಹೊರಗಿನವರಿಗೆ ಈ ಊರು ಕೇಂದ್ರ ಕಾರಾಗೃಹದ ಹೆಸರಿನಿಂದ ಪರಿಚಿತ. ಬೆಳಗಾವಿಯವರಿಗಾದರೋ ರಕ್ಕಸಕೊಪ್ಪ ಜಲಾಶಯದ ನೀರನ್ನು ನಗರಕ್ಕೆ ತಳ್ಳುವ ಪಂಪ್‌ಹೌಸ್‌ನಿಂದ ಪರಿಚಿತ. ಇಲ್ಲಿನ ರಸ್ತೆಬದಿಯಲ್ಲಿ ಝೆರಾಕ್ಸ್, ಡಿಟಿಪಿ ಹಾಗೂ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಸಣ್ಣ ಅಂಗಡಿಯಿದೆ. ತಗಡಿನ ಛಾವಣಿ, ಎದುರಿಗೆ ವಾಹನಗಳು ಎಬ್ಬಿಸುವ ಧೂಳು, ಒಳಗೆ ಎರಡು ಡೆಸ್ಕ್‌ಟಾಪ್ ಗಣಕಗಳು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅದರ ಮಾಲೀಕರು ಚಿಂತೆಯಲ್ಲಿದ್ದರು. ಎರಡರಲ್ಲೊಂದು ಗಣಕ ಮಧ್ಯಾಹ್ನವಾದೊಡನೆ ಎತ್ತಿನ ಗಾಡಿಯಂತೆ ನಿಧಾನವಾಗುತ್ತಿತ್ತು. ವಾರದಲ್ಲಿ ಎರಡು ಬಾರಿ ಗ್ರಾಹಕರ ಎದುರಿಗೇ ಆರಿಹೋಗಿತ್ತು. ಉಷ್ಣಾಂಶ ತೋರಿಸುವ ತಂತ್ರಾಂಶವೊಂದನ್ನು ಹಾಕಿ ನೋಡಿದರೆ ಸುಮ್ಮನಿದ್ದಾಗಲೇ 78 ಡಿಗ್ರಿ. ದುರಸ್ತಿಗೆ ಬಂದವರು ಪ್ರೊಸೆಸರ್ ಮುಗಿಯಿತು, ಮದರ್‌ಬೋರ್ಡ್ ಸಮೇತ ಬದಲಿಸಬೇಕು ಎಂದು ಹೇಳಿ ಹೋಗಿದ್ದರು.

ಅದು ಸಿಇಟಿ, ವಿದ್ಯಾರ್ಥಿವೇತನ, ನೇಮಕಾತಿ ಅರ್ಜಿಗಳ ಕಾಲ. ಕೊನೆಯ ದಿನದ ಸಂಜೆ ಗಣಕ ಕೈಕೊಟ್ಟರೆ ನಷ್ಟ ಅಂಗಡಿಯವರಿಗಷ್ಟೇ ಅಲ್ಲ, ಎದುರಿಗೆ ಕುಳಿತ ವಿದ್ಯಾರ್ಥಿಗೂ ಹೌದು. ಹಾಗೆಂದು ಇಡೀ ತಿಂಗಳ ಸಂಪಾದನೆಯನ್ನು ಹೊಸ ಬಿಡಿಭಾಗಗಳಿಗೆ ಸುರಿಯುವುದೂ ಸುಲಭದ ಮಾತಲ್ಲ. ಈ ಅಂಗಡಿಯ ಕತೆ ಹೇಗೆ ಮುಗಿಯಿತೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಪ್ರೊಸೆಸರಿನ ಉಷ್ಣಾಂಶವೆಂಬ ಆ ಅಂಕಿಯನ್ನು ಓದುವುದು ಹೇಗೆಂದು ತಿಳಿಯಬೇಕು. ರಾಜ್ಯದ ಮನೆಮನೆಗಳಲ್ಲಿ, ಕಚೇರಿಗಳಲ್ಲಿ ಇದೇ ಅಂಕಿಯನ್ನು ನೋಡಿ ಅನಗತ್ಯವಾಗಿ ಹೆದರುವವರಿದ್ದಾರೆ. ಹೆದರಬೇಕಾದಾಗ ಹೆದರದವರೂ ಇದ್ದಾರೆ.

ಬಿಸಿ ಹುಟ್ಟುವ ಬಗೆ

ಪ್ರೊಸೆಸರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಫ್ಯಾನು ತಿರುಗುವಾಗ ಒಂದಿಷ್ಟು ಶಕ್ತಿ ಗಾಳಿಯ ಚಲನೆಯಾಗುತ್ತದೆ, ಬಲ್ಬು ಉರಿದಾಗ ಒಂದಿಷ್ಟು ಬೆಳಕಾಗುತ್ತದೆ. ಲೆಕ್ಕ ಮಾಡುವ ಚಿಪ್ಪಿನಲ್ಲಿ ಅಂಥ ಯಾವ ಹಂಚಿಕೆಯೂ ಇಲ್ಲ. 65 ವಾಟ್ ವಿದ್ಯುತ್ತು ಒಳಗೆ ಹೋದರೆ 65 ವಾಟ್ ಶಾಖ ಹೊರಗೆ ಬರಲೇಬೇಕು. ಹಳೆಯ 60 ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದೆಷ್ಟೆಂದು ಗೊತ್ತು. ಇಲ್ಲಿ ಅಷ್ಟೇ ಶಾಖ ಹೆಬ್ಬೆರಳಿನ ಉಗುರಿನಷ್ಟಗಲದ ಸಿಲಿಕಾನ್ ತುಣುಕಿನಲ್ಲಿ ಹುಟ್ಟುತ್ತದೆ.

ಚಿಪ್ಪಿನಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚಿದಷ್ಟೂ ವಿದ್ಯುತ್ತು ಖರ್ಚಾಗುತ್ತದೆ. ವೇಗ ಹೆಚ್ಚಿದರೆ ಖರ್ಚು ಅದೇ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದಲೇ ಇಂದಿನ ಪ್ರೊಸೆಸರುಗಳು ಕೆಲಸವಿಲ್ಲದಾಗ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಂಡು ಕುಳಿತಿರುತ್ತವೆ. ಒಂದು ದೊಡ್ಡ ಪುಟ ತೆರೆದೊಡನೆ ಉಷ್ಣಾಂಶ ಕ್ಷಣಾರ್ಧದಲ್ಲಿ 15-20 ಡಿಗ್ರಿ ಜಿಗಿದು ಮತ್ತೆ ಇಳಿಯುವುದು ಈ ಕಾರಣಕ್ಕೆ. ಆ ಜಿಗಿತ ದೋಷವಲ್ಲ.

ಹುಟ್ಟಿದ ಶಾಖ ಹೊರಹೋಗುವ ದಾರಿ ಉದ್ದವಾದದ್ದು. ಸಿಲಿಕಾನಿನಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಥರ್ಮಲ್ ಪೇಸ್ಟಿನ ತೆಳುಪದರದ ಮೂಲಕ ಹೀಟ್‌ಸಿಂಕಿನ ತಳಕ್ಕೆ, ಅಲ್ಲಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳಿಂದ ಫ್ಯಾನಿನ ಗಾಳಿಗೆ, ಆ ಗಾಳಿ ಕ್ಯಾಬಿನೆಟ್ಟಿನಿಂದ ಕೋಣೆಗೆ, ಕೋಣೆಯಿಂದ ಕಿಟಕಿಯಾಚೆಗೆ. ಹಿಂಡಲಗಾದ ಪಂಪ್‌ಹೌಸ್ ನಿಂತರೆ ಜಲಾಶಯ ತುಂಬಿದ್ದರೂ ನಗರದ ನಲ್ಲಿಯಲ್ಲಿ ನೀರಿಲ್ಲ. ಇಲ್ಲಿಯೂ ಹಾಗೆಯೇ, ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಮಿಕ್ಕವು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ದುಬಾರಿ ಕೂಲರ್ ತಂದು ಹಾಕಿಯೂ ಬಿಸಿ ಇಳಿಯಲಿಲ್ಲ ಎನ್ನುವವರ ಗಣಕ ಎಷ್ಟೋ ಸಲ ಬಾಗಿಲು ಮುಚ್ಚಿದ ಮೇಜಿನ ಕಪಾಟಿನೊಳಗೆ ಇರುತ್ತದೆ.

60 ಡಿಗ್ರಿ ಎಂಬ ಹಳೆಯ ಗಡಿ

60 ಡಿಗ್ರಿ ದಾಟಿದರೆ ಅಪಾಯ ಎಂಬ ಮಾತನ್ನು ದುರಸ್ತಿ ಅಂಗಡಿಗಳಲ್ಲಿ ಈಗಲೂ ಕೇಳಬಹುದು. ಈ ಮಾತು ಸುಳ್ಳಲ್ಲ, ಹಳೆಯದು.

1989ರಲ್ಲಿ ಬಂದ ಇಂಟೆಲ್ 486ರ ಆರಂಭದ ಚಿಪ್ಪುಗಳು ಫ್ಯಾನಿಲ್ಲದೆಯೇ ನಡೆಯುತ್ತಿದ್ದವು. 1993ರ ಪೆಂಟಿಯಂನೊಂದಿಗೆ ಹೀಟ್‌ಸಿಂಕು, ಫ್ಯಾನುಗಳು ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾದವು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಅಂತರ್ಜಾಲ ಪತ್ರಿಕೆ ಒಂದು ಪ್ರಯೋಗ ನಡೆಸಿತು. ಓಡುತ್ತಿರುವ ಗಣಕದ ಹೀಟ್‌ಸಿಂಕನ್ನೇ ಕಿತ್ತು ತೆಗೆದಾಗ ಪೆಂಟಿಯಂ 4 ತನ್ನ ವೇಗ ಇಳಿಸಿಕೊಂಡು ಬದುಕಿತು, ಎಎಂಡಿಯ ಅಥ್ಲಾನ್ ಹೊಗೆಯಾಡಿ ಸತ್ತಿತು. ಆ ದೃಶ್ಯ ಒಂದು ಪೀಳಿಗೆಯ ತಂತ್ರಜ್ಞರ ಮನಸ್ಸಿನಲ್ಲಿ ಉಳಿದುಬಿಟ್ಟಿತು. 2004ರ ‘ಪ್ರೆಸ್ಕಾಟ್’ ಪೆಂಟಿಯಂ 4 ಎಷ್ಟು ಬಿಸಿಯಾಗುತ್ತಿತ್ತೆಂದರೆ, ಅದರ ಕೆಲವು ಮಾದರಿಗಳ ಶಾಖದ ಪ್ರಮಾಣ 115 ವಾಟ್ ಮುಟ್ಟಿತ್ತು. ಅದೇ ವರ್ಷ ಇಂಟೆಲ್ ಅದರ ಉತ್ತರಾಧಿಕಾರಿಯಾಗಬೇಕಿದ್ದ ಚಿಪ್ಪನ್ನೂ, 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನೂ ಕೈಬಿಟ್ಟಿತು.

60ರ ಗಡಿ ಬಂದದ್ದು ಅದರ ನಂತರದ ಚಿಪ್ಪುಗಳಿಂದ. 2006ರ ಕೋರ್ 2 ಡ್ಯುಯೊ ಇ6600ಕ್ಕೆ ಇಂಟೆಲ್ ನಿಗದಿ ಮಾಡಿದ ಮಿತಿ 60.1 ಡಿಗ್ರಿ. ಆದರೆ ಅದು ಚಿಪ್ಪಿನ ಮೇಲಿನ ಲೋಹದ ಮುಚ್ಚಳದ ನಡುಭಾಗದಲ್ಲಿ ಅಳೆಯಬೇಕಾದ ಉಷ್ಣಾಂಶವೇ ಹೊರತು ಒಳಗಿನ ಸಿಲಿಕಾನಿನದಲ್ಲ. ಎಎಂಡಿಯ ಫೆನಮ್ 2 ಎಕ್ಸ್4 965ರ ಮಿತಿ 62 ಡಿಗ್ರಿಯಾಗಿತ್ತು. ಅಂಥ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಕಲಿತ ಕೈಗಳು ಇಂದಿನ ಗಣಕಕ್ಕೂ ಅದೇ ಗಡಿ ಹಾಕುತ್ತವೆ. ಇಂದಿನ ತಂತ್ರಾಂಶಗಳು ತೋರಿಸುವುದು ಮುಚ್ಚಳದ ಬಿಸಿಯನ್ನಲ್ಲ, ಸಿಲಿಕಾನಿನೊಳಗೇ ಕೂರಿಸಿದ ಸಂವೇದಕಗಳು ಹೇಳುವ ಬಿಸಿಯನ್ನು. ಹಳೆಯ ಗಡಿಯನ್ನು ಹೊಸ ಅಂಕಿಗೆ ಹಾಕಿದರೆ ಆರೋಗ್ಯವಂತ ಗಣಕವೂ ರೋಗಿಯಂತೆ ಕಾಣುತ್ತದೆ.

ಈಗಿನ ಮಿತಿ ಎಷ್ಟೆಂದರೆ, ಇಂಟೆಲ್‌ನ ಕೋರ್ ಐ3-12100, ಐ5-12400 ಮುಂತಾದವಕ್ಕೆ 100 ಡಿಗ್ರಿ. ಎಎಂಡಿಯ ರೈಜೆನ್ 5 5600ಜಿಗೆ 95 ಡಿಗ್ರಿ, ರೈಜೆನ್ 7 5800ಎಕ್ಸ್‌ಗೆ 90 ಡಿಗ್ರಿ, ರೈಜೆನ್ 7 7800ಎಕ್ಸ್3ಡಿಗೆ 89 ಡಿಗ್ರಿ. 2022ರಲ್ಲಿ ರೈಜೆನ್ 7000 ಸರಣಿಯ ಮೊದಲ ಚಿಪ್ಪುಗಳನ್ನು ಬಿಡುಗಡೆ ಮಾಡಿದಾಗ ಎಎಂಡಿ, ಭಾರೀ ಕೆಲಸದ ವೇಳೆ ಇವು 95 ಡಿಗ್ರಿಯವರೆಗೆ ಹೋಗಿ ಅಲ್ಲಿಯೇ ನಿಲ್ಲುವಂತೆ ರೂಪಿಸಲಾಗಿದೆ ಎಂದು ತಾನೇ ಹೇಳಿತು. ನಿಮ್ಮ ಪ್ರೊಸೆಸರಿನ ಮಾದರಿ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹುಡುಕಿದರೆ ಈ ಮಿತಿ ಸಿಗುತ್ತದೆ. ಪಕ್ಕದ ಮನೆಯವರ ಗಣಕದ ಅಂಕಿಯೊಡನೆ ಹೋಲಿಸುವುದಕ್ಕಿಂತ ಇದು ಮೇಲು.

ಮಿತಿ ಮುಟ್ಟಿದಾಗ ಏನಾಗುತ್ತದೆ? ಚಿಪ್ಪು ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಕೆಲಸ ನಿಲ್ಲದು, ನಿಧಾನವಾಗುತ್ತದೆ ಅಷ್ಟೆ. ಹಾಗೆ ಮಾಡಿಯೂ ಬಿಸಿ ಏರುತ್ತಲೇ ಹೋದರೆ ಮಾತ್ರ ವಿದ್ಯುತ್ತನ್ನೇ ಕಡಿದುಕೊಂಡು ಆರಿಹೋಗುತ್ತದೆ. 2001ರ ಅಥ್ಲಾನಿನ ಗತಿ ಇಂದಿನ ಚಿಪ್ಪುಗಳಿಗೆ ಬರುವುದು ಕಷ್ಟ. ಹಾಗಿದ್ದರೆ ನಿಶ್ಚಿಂತೆಯಿಂದ ಇರಬಹುದೆ ಎಂದರೆ, ಪೂರ್ತಿಯಾಗಿ ಅಲ್ಲ. ಹಣ ಕೊಟ್ಟು ಕೊಂಡ ವೇಗ ಕೈಗೆ ಸಿಗುವುದಿಲ್ಲ. ಕ್ಯಾಬಿನೆಟ್ಟಿನೊಳಗಿನ ಕಾವು ಪ್ರೊಸೆಸರಿಗಿಂತ ಅದರ ಸುತ್ತಲಿನವರಿಗೆ ಹೆಚ್ಚು ಕೆಟ್ಟದ್ದು. ಮದರ್‌ಬೋರ್ಡಿನ ಮೇಲಿನ, ಎಸ್‌ಎಂಪಿಎಸ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಹಾರ್ಡ್‌ಡಿಸ್ಕುಗಳಿಗೆ ತಯಾರಕರು ಹಾಕುವ ಗಡಿ ಸಾಮಾನ್ಯವಾಗಿ 60 ಡಿಗ್ರಿ. ಪ್ರೊಸೆಸರ್ ಹೋದರೆ ಹೊಸದು ತರಬಹುದು. ಹಾರ್ಡ್‌ಡಿಸ್ಕಿನೊಂದಿಗೆ ಹೋದ ಮದುವೆಯ ಫೋಟೋಗಳನ್ನು ತರಲಾಗದು.

ಕೋಣೆಯನ್ನು ಕಳೆದು ನೋಡಿ

ಇನ್ನು ಮುಖ್ಯ ವಿಷಯ. ಗಾಳಿಯಿಂದ ತಂಪಾಗುವ ಯಾವ ಪ್ರೊಸೆಸರೂ ಕೋಣೆಯ ಗಾಳಿಗಿಂತ ತಂಪಾಗಲಾರದು. ಕೂಲರ್ ಮಾಡುವುದು ಚಿಪ್ಪು ಮತ್ತು ಕೋಣೆಯ ನಡುವಿನ ಅಂತರವನ್ನು ಕುಗ್ಗಿಸುವ ಕೆಲಸವನ್ನು ಮಾತ್ರ. ಕೆಲಸದ ಹೊರೆಯೂ ಫ್ಯಾನಿನ ವೇಗವೂ ಒಂದೇ ಆಗಿದ್ದರೆ ಕೋಣೆ 10 ಡಿಗ್ರಿ ಬಿಸಿಯಾದಾಗ ಪ್ರೊಸೆಸರೂ ಹೆಚ್ಚುಕಡಿಮೆ 10 ಡಿಗ್ರಿಯೇ ಬಿಸಿಯಾಗುತ್ತದೆ. ಹೀಗಾಗಿ ತಂತ್ರಾಂಶ ತೋರಿಸುವ ಅಂಕಿಗೆ ತಾನೊಂದೇ ಇದ್ದಾಗ ಹೆಚ್ಚಿನ ಅರ್ಥವಿಲ್ಲ. ಅದರಿಂದ ಕೋಣೆಯ ಉಷ್ಣಾಂಶ ಕಳೆದು ಉಳಿದದ್ದನ್ನು ನೋಡಬೇಕು.

ಬೆಳಗಾವಿಯ ಹವೆ ಇದಕ್ಕೆ ಒಳ್ಳೆಯ ಪಾಠಶಾಲೆ. ಏಪ್ರಿಲ್ ಮಧ್ಯಾಹ್ನ ಹೊರಗೆ 36 ಡಿಗ್ರಿಯ ಆಸುಪಾಸು, ಜುಲೈನ ಜಡಿಮಳೆಯಲ್ಲಿ ಹಗಲಿಗೂ 25ರ ಸುತ್ತಮುತ್ತ, ಡಿಸೆಂಬರಿನ ಬೆಳಗಿನಲ್ಲಿ ಇನ್ನೂ ಕಡಿಮೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಜುಲೈಯಲ್ಲಿ ಕೋಣೆ 24, ಪ್ರೊಸೆಸರ್ ಸುಮ್ಮನಿದ್ದಾಗ 36, ಪೂರ್ಣ ಹೊರೆಯಲ್ಲಿ 62 ಎಂದುಕೊಳ್ಳೋಣ. ಅಂತರ ಕ್ರಮವಾಗಿ 12 ಮತ್ತು 38. ಅದೇ ಗಣಕ, ಅದೇ ಕೆಲಸ, ಏಪ್ರಿಲಿನಲ್ಲಿ ಕೋಣೆ 35 ಇದ್ದಾಗ 47 ಮತ್ತು 73 ತೋರಿಸಿದರೆ ಯಂತ್ರದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಋತು. ಬದಲಿಗೆ ಏಪ್ರಿಲಿನಲ್ಲಿ ಅದು 88 ತೋರಿಸಿದರೆ ಅಂತರ 53. ಆಗ 15 ಡಿಗ್ರಿಯ ಲೆಕ್ಕ ಸೂರ್ಯನದ್ದಲ್ಲ, ಕ್ಯಾಬಿನೆಟ್ಟಿನೊಳಗಿನದ್ದು. ಇದಕ್ಕಿಂತಲೂ ಗಮನಿಸಬೇಕಾದ ಸಂದರ್ಭ ಇನ್ನೊಂದಿದೆ. ಜುಲೈಯಲ್ಲಿಯೇ 77 ತೋರಿಸಿದರೆ ಅಂಕಿ ನೋಡಲು ಸೌಮ್ಯ, ಅಂತರ ಮಾತ್ರ ಅದೇ 53. ದೋಷ ಆಗಲೇ ಇದೆ, ಬೇಸಿಗೆ ಬಂದಾಗ ಬಯಲಿಗೆ ಬರುತ್ತದೆ. ಏಪ್ರಿಲಿನಲ್ಲಿ ಕೆಟ್ಟಿತು ಎನ್ನುವ ಎಷ್ಟೋ ಗಣಕಗಳು ನಿಜಕ್ಕೂ ದೀಪಾವಳಿಯ ಹೊತ್ತಿಗೇ ಕೆಟ್ಟಿರುತ್ತವೆ.

ಪೆಟ್ಟಿಗೆಯೊಂದಿಗೆ ಬರುವ ಸಾಧಾರಣ ಕೂಲರ್ ಇರುವ 65 ವಾಟ್ ವರ್ಗದ ಪ್ರೊಸೆಸರಿಗೆ ಸುಮ್ಮನಿದ್ದಾಗ ಕೋಣೆಗಿಂತ 8ರಿಂದ 20 ಡಿಗ್ರಿ, ಪೂರ್ಣ ಹೊರೆಯಲ್ಲಿ 30ರಿಂದ 50 ಡಿಗ್ರಿ ಹೆಚ್ಚಿರುವುದು ಸಹಜವೆಂದು ಸ್ಥೂಲವಾಗಿ ಹೇಳಬಹುದು. ಕೋರ್ ಐ9-14900ಕೆಯಂಥ, ಗರಿಷ್ಠ 253 ವಾಟ್ ಎಳೆಯಬಲ್ಲ ಚಿಪ್ಪುಗಳಿಗೆ ಈ ಲೆಕ್ಕ ಹೊಂದದು. ಅವು ದೊಡ್ಡ ಕೂಲರ್ ಇದ್ದರೂ ಪೂರ್ಣ ಹೊರೆಯಲ್ಲಿ 90 ದಾಟುವುದುಂಟು. ಮನೆ, ಅಂಗಡಿ, ಶಾಲೆಗಳಲ್ಲಿ ಅಂಥವು ವಿರಳ.

ಊರಿನ ಎತ್ತರವೂ ಇಲ್ಲಿ ಚೂರು ಕೈಯಾಡಿಸುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕಾರವಾರದ ಕಡಲತೀರಕ್ಕೆ ಹೋಲಿಸಿದರೆ ಇಲ್ಲಿನ ಗಾಳಿ ಶೇಕಡ 7ರಷ್ಟು ತೆಳು, ಹಾಗಾಗಿ ಅದೇ ಫ್ಯಾನು ಹೊತ್ತೊಯ್ಯುವ ಶಾಖವೂ ತುಸು ಕಡಿಮೆ. ವ್ಯತ್ಯಾಸ ಎರಡು ಮೂರು ಡಿಗ್ರಿ ಮೀರದು. ಕೋಣೆ ತಂಪಾಗಿರುವುದರಿಂದ ಸಿಗುವ ಲಾಭವೇ ಅದಕ್ಕಿಂತ ದೊಡ್ಡದು.

ಅಳೆಯುವುದು ಹೇಗೆ

ಗಣಕ ಆನ್ ಮಾಡಿ ಬಯಾಸ್ ಒಳಹೊಕ್ಕು ಅಲ್ಲಿನ ಅಂಕಿ ನೋಡುವುದು ಹಳೆಯ ವಾಡಿಕೆ. ಬಯಾಸ್‌ನಲ್ಲಿದ್ದಾಗ ಪ್ರೊಸೆಸರಿನ ವಿದ್ಯುತ್ ಉಳಿತಾಯದ ವ್ಯವಸ್ಥೆಗಳು ಸಾಮಾನ್ಯವಾಗಿ ಪೂರ್ತಿ ಕೆಲಸ ಮಾಡುವುದಿಲ್ಲವಾದ್ದರಿಂದ ಅಲ್ಲಿ ವಿಂಡೋಸ್‌ಗಿಂತ ಹೆಚ್ಚಿನ ಅಂಕಿ ಕಾಣುವುದುಂಟು. ಹೀಗಾಗಿ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಕೋರ್ ಟೆಂಪ್ ಮೊದಲಾದ ತಂತ್ರಾಂಶಗಳನ್ನೂ, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಎಂಬ ಆದೇಶವನ್ನೂ ಬಳಸುವುದು ಲೇಸು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಡಿಗ್ರಿ ಕಂಡವರು ಅದನ್ನೇ ಪ್ರೊಸೆಸರಿನದ್ದೆಂದು ಭ್ರಮಿಸಬಾರದು, ಅದು ಗ್ರಾಫಿಕ್ಸ್ ಕಾರ್ಡಿನದ್ದು.

ಪರದೆಯ ಮೇಲೆ ಒಂದರ ಬದಲು ಆರೇಳು ಅಂಕಿಗಳು ಕಂಡಾಗ ಗಲಿಬಿಲಿ ಸಹಜ. ‘ಪ್ಯಾಕೇಜ್’ ಎಂದಿರುವುದನ್ನು ಹಿಡಿದರೆ ಸಾಕು. ಇಂಟೆಲ್‌ನ ಒಳಸಂವೇದಕಗಳು ತಾವು ಗರಿಷ್ಠ ಮಿತಿಯಿಂದ ಎಷ್ಟು ದೂರದಲ್ಲಿದ್ದೇವೆಂದು ಅಳೆಯುತ್ತವೆ. ಆದ್ದರಿಂದ ಮಿತಿಯ ಸಮೀಪದಲ್ಲಿ ಅವು ನಂಬಲರ್ಹ, ಕೆಳಗಿನ ಉಷ್ಣಾಂಶಗಳಲ್ಲಿ ಅಷ್ಟು ನಿಖರವಲ್ಲ. ಒಂದು ಕೋರ್ 31, ಇನ್ನೊಂದು 37 ಎಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅಂಕಿಯೇ ದಾರಿ ತಪ್ಪಿಸಿದ ಪ್ರಸಂಗವೂ ಇದೆ. 2017ರಲ್ಲಿ ಬಂದ ರೈಜೆನ್ 1700ಎಕ್ಸ್ ಹಾಗೂ 1800ಎಕ್ಸ್ ಚಿಪ್ಪುಗಳು ಫ್ಯಾನಿನ ನಿಯಂತ್ರಣಕ್ಕೆಂದು ನಿಜವಾದ ಉಷ್ಣಾಂಶಕ್ಕೆ 20 ಡಿಗ್ರಿ ಸೇರಿಸಿ ಹೇಳುತ್ತಿದ್ದವು. ಇದನ್ನು ಎಎಂಡಿಯೇ ವಿವರಿಸುವ ತನಕ ಕೊಂಡವರಲ್ಲಿ ಹಲವರಿಗೆ ದಿಗಿಲು.

ಅಳೆಯುವ ಕ್ರಮ ಸರಳ. ಗೋಡೆಯ ಉಷ್ಣಮಾಪಕವನ್ನು, ಇಲ್ಲವಾದರೆ ಮನೆಯಲ್ಲಿರುವ ಯಾವುದಾದರೂ ಕೋಣೆಯ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಹೋಗುವ ಕಡೆ ಇಡಿ. ಹಿಂಭಾಗದಲ್ಲಿ ಬೇಡ, ಅಲ್ಲಿ ಬಿಸಿಗಾಳಿ ಬರುತ್ತದೆ. ಗಣಕ ಆನ್ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಟ್ಟು ಮೊದಲ ಅಂಕಿ ಬರೆದುಕೊಳ್ಳಿ. ನಂತರ ನಿಮ್ಮ ನಿತ್ಯದ ಅತಿ ಭಾರದ ಕೆಲಸವನ್ನು, ಅದು ವೀಡಿಯೊ ಪರಿವರ್ತನೆಯೋ ದೊಡ್ಡ ಫೈಲಿನ ಮುದ್ರಣವೋ ಆಟವೋ ಆಗಿರಲಿ, ಕಾಲು ಗಂಟೆ ನಡೆಸಿ ಎರಡನೆಯದನ್ನು ಬರೆಯಿರಿ. ದಿನಾಂಕ, ಕೋಣೆಯ ಉಷ್ಣಾಂಶ ಸೇರಿಸಿ. ಗಣಕ ಹೊಸದಾಗಿದ್ದಾಗಲೇ ಇದನ್ನು ಮಾಡಿಟ್ಟವರು ಭಾಗ್ಯವಂತರು. ಹಳೆಯದಾದರೆ ಒಮ್ಮೆ ಶುಚಿ ಮಾಡಿಸಿದ ಮರುದಿನ ಮಾಡಿಡಬಹುದು.

ಧೂಳು, ಪೇಸ್ಟ್ ಮತ್ತು ನಾಲ್ಕು ಪಿನ್ನು

ಅಂತರ ಹೆಚ್ಚಿದ್ದು ಕಂಡರೆ ಮೊದಲ ಆರೋಪಿ ಧೂಳು. ಮನೆಯಲ್ಲಿ ಬಟ್ಟೆಯ ನೂಲು, ಕೂದಲು. ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಪುಡಿ, ಟೋನರ್. ಉದ್ಯಮಬಾಗದಂಥ ಫೌಂಡ್ರಿ ಪ್ರದೇಶದಲ್ಲಿ ಮರಳು, ಲೋಹದ ಕಣ. ಇವು ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ, ಫ್ಯಾನಿನ ಕೆಳಗೆ, ಮೇಲಿನಿಂದ ಕಾಣದ ಜಾಗದಲ್ಲಿ ಕಂಬಳಿಯಂತೆ ಹಾಸಿಕೊಳ್ಳುತ್ತವೆ. ಫ್ಯಾನು ತಿರುಗುತ್ತಿರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಹೊರಗಿನಿಂದ ಒರೆಸಿ ಶುಚಿಯಾಯಿತೆಂದುಕೊಳ್ಳುವುದು ಸಾಮಾನ್ಯ ತಪ್ಪು.

ಶುಚಿ ಮಾಡುವಾಗ ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೋ ಗಚ್ಚಿಗೋ ಒಯ್ದು ಬ್ಲೋವರಿನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾದೀತು. ಮೆತ್ತನೆಯ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಕೂಡದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ತಂತಿ ಕಿತ್ತ ನಂತರವೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಲ್ಲದು.

ಎರಡನೆಯದು ಥರ್ಮಲ್ ಪೇಸ್ಟ್. ಇದು ಶಾಖವನ್ನು ಸಾಗಿಸುವುದು ತಾಮ್ರದ ಐವತ್ತನೇ ಒಂದು ಭಾಗದಷ್ಟು ಮಾತ್ರ. ಆದರೆ ಲೋಹಗಳ ನಡುವೆ ಉಳಿಯುವ ನಿಂತ ಗಾಳಿಗಿಂತ ನೂರಾರು ಪಟ್ಟು ಮೇಲು. ಅಂದರೆ ಪೇಸ್ಟಿನ ಕೆಲಸ ಗಾಳಿಯನ್ನು ಹೊರದಬ್ಬುವುದು, ದಪ್ಪಗೆ ಕುಳಿತುಕೊಳ್ಳುವುದಲ್ಲ. ರೊಟ್ಟಿಗೆ ಬೆಣ್ಣೆ ಸವರಿದಂತೆ ಬಳಿಯುವವರು ಸಮಸ್ಯೆಯನ್ನು ಹೆಚ್ಚಿಸುತ್ತಾರೆ. ಬಟಾಣಿ ಕಾಳಿನಷ್ಟು ಸಾಕು, ಹೀಟ್‌ಸಿಂಕಿನ ಒತ್ತಡವೇ ಅದನ್ನು ಹರಡುತ್ತದೆ. ಕೂಲರನ್ನು ಒಮ್ಮೆ ತೆಗೆದರೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸತನ್ನೇ ಹಾಕಬೇಕು. ಎಎಂಡಿಯ ಎಎಂ4 ಮಾದರಿಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಒಣಗಿದ ಪೇಸ್ಟು ಅಂಟಿಕೊಂಡು ಕೂಲರ್ ಜೊತೆಗೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಬಂದು ಕಾಲುಗಳು ಬಾಗುವುದುಂಟು. ತೆಗೆಯುವ ಮೊದಲು ಸ್ವಲ್ಪ ಹೊತ್ತು ಗಣಕ ಓಡಿಸಿ ಪೇಸ್ಟನ್ನು ಬೆಚ್ಚಗಾಗಿಸಿ, ಆರಿಸಿದ ಬಳಿಕ ಕೂಲರನ್ನು ನಿಧಾನವಾಗಿ ತಿರುಚಿ ಎತ್ತಬೇಕು.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಇಂಟೆಲ್‌ನ ಪೆಟ್ಟಿಗೆಯ ಕೂಲರ್ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಂತಿರುತ್ತದೆ. ಪ್ರತಿಯೊಂದೂ ಮದರ್‌ಬೋರ್ಡನ್ನು ತೂರಿ ಹಿಂಬದಿಯಲ್ಲಿ ಅರಳಿ ಕೂರಬೇಕು. ಸಾಗಾಟದಲ್ಲಿ, ದುರಸ್ತಿಯಲ್ಲಿ, ಕೆಲವೊಮ್ಮೆ ಜೋಡಣೆಯ ದಿನವೇ ಒಂದು ಪಿನ್ನು ಅರ್ಧಕ್ಕೆ ನಿಂತಿರುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಹೀಟ್‌ಸಿಂಕು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿರುತ್ತದೆ. ಗಣಕ ಆರಿಸಿ, ಕೂಲರಿನ ನಾಲ್ಕೂ ಮೂಲೆಗಳನ್ನು ಮೆಲ್ಲಗೆ ಅಲುಗಿಸಿ ನೋಡಿದರೆ ಕೈಗೆ ಗೊತ್ತಾಗುತ್ತದೆ.

ಜಾಗದ ವಿಷಯವನ್ನೂ ಹೇಳಬೇಕು. ಕ್ಯಾಬಿನೆಟ್ಟಿಗೆಂದೇ ಕಿರಿದಾದ ಗೂಡು ಮಾಡಿರುವ ಕಂಪ್ಯೂಟರ್ ಮೇಜುಗಳು ಮತ್ತು ಧೂಳು ಬೀಳದಿರಲೆಂದು ಮನೆಯವರು ಹೊಲಿದು ಹೊದಿಸುವ ಬಟ್ಟೆಯ ಕವರ್, ಇವೆರಡೂ ಒಳ್ಳೆಯ ಉದ್ದೇಶದಿಂದ ಬಂದ ಶತ್ರುಗಳು. ಕವರ್ ಗಣಕ ಆರಿದ ಮೇಲೆ ಇರಲಿ. ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣಾದರೂ ಜಾಗ ಬಿಡಬೇಕು. ಪಕ್ಕದ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನು ಹಚ್ಚುವುದು ತಾತ್ಕಾಲಿಕವಾಗಿ ಫಲ ಕೊಡುತ್ತದೆ. ಜೊತೆಗೆ ಧೂಳನ್ನೂ ಎರಡು ಪಟ್ಟು ತುಂಬುತ್ತದೆ.

ಖಾನಾಪುರದ ಮಳೆ

ಪಶ್ಚಿಮ ಘಟ್ಟದ ಮಗ್ಗುಲಿನ ಖಾನಾಪುರ ತಾಲ್ಲೂಕಿನಲ್ಲಿ, ವಿಶೇಷವಾಗಿ ಕಣಕುಂಬಿಯ ಕಡೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ. ಆ ದಿನಗಳಲ್ಲಿ ಪ್ರೊಸೆಸರಿನ ಅಂಕಿ ತಂಪಾಗಿಯೇ ಇರುತ್ತದೆ. ಗಣಕದೊಳಗೆ ಹನಿಗಟ್ಟಿ ಸುಟ್ಟೀತೆಂಬ ಭಯ ಬೇಡ. ಗಾಳಿಗಿಂತ ತಂಪಾದ ಮೇಲ್ಮೈಯಲ್ಲಿ ಮಾತ್ರ ನೀರು ಹನಿಗಟ್ಟುತ್ತದೆ, ಓಡುತ್ತಿರುವ ಗಣಕದ ಭಾಗಗಳು ಯಾವಾಗಲೂ ಗಾಳಿಗಿಂತ ಬೆಚ್ಚಗಿರುತ್ತವೆ. ತೊಂದರೆ ಬರುವುದು ವಾರಗಟ್ಟಲೆ ಆರಿಸಿಟ್ಟ ಯಂತ್ರಕ್ಕೆ. ತೇವ ಹೀರಿದ ಧೂಳು ಗಟ್ಟಿಯಾಗಿ ರೆಕ್ಕೆಗಳಿಗೆ ಅಂಟುತ್ತದೆ, ರ‍್ಯಾಮ್ ಮೊದಲಾದವುಗಳ ಸಂಪರ್ಕ ಬಿಂದುಗಳು ಕಿಲುಬುತ್ತವೆ, ಬೆಚ್ಚಗಿನ ಮೂಲೆ ಹುಡುಕಿ ಹಲ್ಲಿ, ಇರುವೆ ಒಳಸೇರುತ್ತವೆ. ಮಳೆಗಾಲದ ರಜೆಯಲ್ಲಿ ಶಾಲೆಯ ಗಣಕಗಳನ್ನು ವಾರಕ್ಕೆರಡು ಬಾರಿ ಅರ್ಧ ಗಂಟೆ ಓಡಿಸಿದರೆ ಅದೇ ಬಿಸಿ ಅವುಗಳನ್ನು ಒಣಗಿಸಿ ಕಾಪಾಡುತ್ತದೆ. ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿಯೇ ಧೂಳು ತೆಗೆಸುವುದು ಈ ಭಾಗಕ್ಕೆ ಸೂಕ್ತ.

ನೀರಿನಿಂದ ತಂಪು ಮಾಡುವ ವ್ಯವಸ್ಥೆ ಬೇಕೆ ಎಂಬ ಪ್ರಶ್ನೆ ಯುವಕರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ದ್ರವದಿಂದ ತಂಪಾಗುವ ಬಗೆಯದು. ಅಲ್ಲಿ ಅದು ಅನಿವಾರ್ಯ. 65 ವಾಟಿನ ಮನೆಯ ಗಣಕಕ್ಕೆ ಅನಗತ್ಯ. ದ್ರವವೂ ಕೊನೆಗೆ ಶಾಖವನ್ನು ಅದೇ ಕೋಣೆಯ ಗಾಳಿಗೇ ಕೊಡಬೇಕು, ಜೊತೆಗೆ ಕೆಡಬಲ್ಲ ಪಂಪೊಂದು ಸೇರುತ್ತದೆ. ಹಣವಿದ್ದರೆ ತಾಮ್ರದ ಕೊಳವೆಗಳಿರುವ ಎತ್ತರದ ಗಾಳಿ ಕೂಲರ್ ಸಾಕು.

ಬಿಸಿಯೊಂದನ್ನೇ ದೂರುವಂತಿಲ್ಲ ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು. ಇವುಗಳಲ್ಲಿ ಕಂಡ ಅಸ್ಥಿರತೆಗೆ ಚಿಪ್ಪು ಕೇಳುತ್ತಿದ್ದ ಅತಿಯಾದ ವೋಲ್ಟೇಜ್ ಕಾರಣವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣಾಂಶ ಸೇರಿ ಚಿಪ್ಪಿನ ಒಂದು ಭಾಗ ಬೇಗ ಮುಪ್ಪಾಗುತ್ತಿತ್ತು. ತಿದ್ದುಪಡಿಯನ್ನು ಬಯಾಸ್ ಪರಿಷ್ಕರಣೆಯಾಗಿ ಕೊಡಲಾಯಿತು, ಖಾತರಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಅಂಥ ಚಿಪ್ಪು ಇರುವವರು ಬಯಾಸ್ ಪರಿಷ್ಕರಿಸಿಲ್ಲವಾದರೆ ಕೂಲರ್ ಬದಲಿಸುವ ಮುನ್ನ ಅದನ್ನು ಮಾಡಿಸಬೇಕು.

ಆರಿಹೋದದ್ದೆಲ್ಲ ಬಿಸಿಯಿಂದಲ್ಲ

ಹಿಂಡಲಗಾದ ಅಂಗಡಿಗೆ ಮರಳೋಣ. ಅಲ್ಲಿನ ಗಣಕಕ್ಕೆ ಎರಡು ಕಾಯಿಲೆಗಳಿದ್ದವು, ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚಲಾಗಿತ್ತು. ಬಿಸಿಯಿಂದ ಆರುವ ಗಣಕ ಮೊದಲು ನಿಧಾನವಾಗುತ್ತದೆ, ಹಲವು ನಿಮಿಷ ಭಾರದ ಕೆಲಸ ಮಾಡಿದ ಮೇಲೆ ಆರುತ್ತದೆ. ಒಡನೆಯೇ ಆನ್ ಮಾಡಿದರೆ ಮೊದಲಿಗಿಂತ ಬೇಗ ಆರುತ್ತದೆ, ಅನೇಕ ಮದರ್‌ಬೋರ್ಡುಗಳು ಮುಂದಿನ ಸಲ ಆನ್ ಮಾಡಿದಾಗ ಪ್ರೊಸೆಸರ್ ಬಿಸಿಯಾಗಿತ್ತೆಂಬ ಸಂದೇಶ ತೋರಿಸುತ್ತವೆ. ಇಲ್ಲಿ ಹಾಗಾಗಿರಲಿಲ್ಲ. ಆರಿದ ಎರಡೂ ಸಲ ಕರೆಂಟ್ ಹೋಗಿ ಬಂದಿತ್ತು. ಪಕ್ಕದ ಗಣಕ ನಡೆದೇ ಇತ್ತು, ಇದರ ಯುಪಿಎಸ್ ಮಾತ್ರ ಒಂದು ಕ್ಷಣವೂ ತಡೆದಿರಲಿಲ್ಲ. ಯುಪಿಎಸ್‌ನ ಬ್ಯಾಟರಿ ಸತ್ತಿತ್ತು.

ನಿಧಾನವಾಗುತ್ತಿದ್ದುದು ಮಾತ್ರ ನಿಜವಾಗಿಯೂ ಬಿಸಿಯಿಂದ. ಕೋಣೆಯ ಉಷ್ಣಾಂಶ 35 ಇದ್ದಾಗ ಸುಮ್ಮನಿದ್ದ ಪ್ರೊಸೆಸರ್ 78, ಅಂತರ 43. ಕೆಲಸ ಶುರುವಾದರೆ 100 ಮುಟ್ಟಿ ವೇಗ ಇಳಿಯುತ್ತಿತ್ತು. ಪಕ್ಕದ ಬಾಗಿಲು ತೆಗೆದಾಗ ಫ್ಯಾನಿನ ಕೆಳಗೆ ಕಾಗದದ ಪುಡಿಯ ಕಂಬಳಿ, ಎಸ್‌ಎಂಪಿಎಸ್ ಕಡೆಯ ಪಿನ್ನು ಅರ್ಧಕ್ಕೆ ನಿಂತಿತ್ತು. ಪುಡಿ ಊದಿ, ಹಳೆಯ ಪೇಸ್ಟು ಒರೆಸಿ ಹೊಸತು ಹಾಕಿ, ನಾಲ್ಕೂ ಪಿನ್ನುಗಳನ್ನು ಒತ್ತಿ ಕೂರಿಸಲು ಹಿಡಿದದ್ದು ಮುಕ್ಕಾಲು ಗಂಟೆ. ಖರ್ಚಾದದ್ದು ಒಂದು ಸಣ್ಣ ಕೊಳವೆ ಪೇಸ್ಟು ಮತ್ತು ಯುಪಿಎಸ್‌ಗೆ ಹೊಸ ಬ್ಯಾಟರಿ. ಪ್ರೊಸೆಸರ್, ಮದರ್‌ಬೋರ್ಡ್ ಎರಡೂ ಹಳೆಯವೇ ಉಳಿದವು.

ಮಾಲೀಕರು ಕ್ಯಾಬಿನೆಟ್ಟಿನ ಮಗ್ಗುಲಿಗೆ ಒಂದು ಬಿಳಿ ಚೀಟಿ ಅಂಟಿಸಿದ್ದಾರೆ. ಮೊದಲ ಸಾಲಿನಲ್ಲಿ ಏಪ್ರಿಲ್, ಕೋಣೆ 35, ಕೆಲಸದಲ್ಲಿ 71. ಅದರ ಕೆಳಗೆ ಜುಲೈ, ಕೋಣೆ 24, ಕೆಲಸದಲ್ಲಿ 59. ಮೂರನೆಯ ಸಾಲನ್ನು ದೀಪಾವಳಿಗೆಂದು ಖಾಲಿ ಬಿಟ್ಟಿದ್ದಾರೆ.